ತೊಗರಿ ಬೆಳೆಗಾರರ ದೂರವಾಣಿ ಸೇವೆ: ನಾಲ್ಕು ವಿಷಯಗಳವರು ಕೂಡಿ ಮಾಡಿದ ಸಂಶೋಧನೆ

ಕಲಬುರಗಿ ಜಿಲ್ಲೆಯ ತೊಗರಿ ಬೆಳೆಗಾರರು ತಮ್ಮ ಮಾತಿನಲ್ಲಿಯೇ ಪ್ರಶ್ನೆ ಕೇಳಿ, ಸಾದಾ ಮೊಬೈಲಿನಲ್ಲಿಯೇ ಉತ್ತರ ಪಡೆಯುವಂಥ ಧ್ವನಿ ಸೇವೆಯೊಂದನ್ನು ರೂಪಿಸುವುದು ನನ್ನ ಪಿಎಚ್‌.ಡಿ. ಸಂಶೋಧನೆಯ ವಿಷಯವಾಗಿತ್ತು. ನಾನು ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ಓದಿದವಳು. ನನ್ನ ಜೊತೆಗೆ ಕಂಪ್ಯೂಟರ್ ವಿಜ್ಞಾನದವರು, ಕನ್ನಡ ಭಾಷಾವಿಜ್ಞಾನದವರು ಮತ್ತು ಕೃಷಿ ವಿಸ್ತರಣೆಯವರು ಒಬ್ಬೊಬ್ಬರಿದ್ದರು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ದೊರೆತಿದೆ. ಆದರೆ ಅದನ್ನು ಬೆಳೆಯುವವರಲ್ಲಿ ಓದಲು ಬಾರದವರು ಸಲಹೆಗೆ ಇಂದಿಗೂ ಪಕ್ಕದ ಹೊಲದವರನ್ನೋ ಗೊಬ್ಬರದ ಅಂಗಡಿಯವರನ್ನೋ ನೆಚ್ಚಿಕೊಂಡಿದ್ದಾರೆ.

ಕರೆ ಮಾಡಿದವರು ಮಾತಾಡಬೇಕೋ ಗುಂಡಿ ಒತ್ತಬೇಕೋ ಎಂಬುದನ್ನು ನಾವು ಮೊದಲು ತೀರ್ಮಾನಿಸಬೇಕಿತ್ತು. ಗುಜರಾತಿನ ರೈತರೊಂದಿಗೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಾತಿನ ಆಜ್ಞೆ ಕೊಟ್ಟವರಿಗಿಂತ ಗುಂಡಿ ಒತ್ತಿದವರು ಹೆಚ್ಚಿನ ಪ್ರಮಾಣದಲ್ಲಿ ಕೆಲಸ ಪೂರೈಸಿದ್ದು ಕಂಡುಬಂದಿತ್ತು. ಆಳಂದದ ಕಡೆ ಮರಾಠಿ, ಸೇಡಂ ಕಡೆ ತೆಲುಗು, ನಗರದ ಸುತ್ತ ದಖನಿ ಉರ್ದು ಬೆರೆತ ಕನ್ನಡವನ್ನು ಯಂತ್ರ ಸರಿಯಾಗಿ ಗ್ರಹಿಸೀತೆಂಬ ಭರವಸೆ ನಮಗಿರಲಿಲ್ಲ. ಆದ್ದರಿಂದ ಆಯ್ಕೆಗೆ ಗುಂಡಿ ಒತ್ತುವುದು, ಪ್ರಶ್ನೆಯನ್ನು ಮಾತಿನಲ್ಲಿ ಹೇಳಿ ಧ್ವನಿಮುದ್ರಿಸುವುದು ಎಂದು ನಿರ್ಧರಿಸಿದೆವು.

ತಂತ್ರಾಂಶ ಬರೆಯುವ ಮೊದಲೇ ಸೇವೆಯನ್ನು ಪರೀಕ್ಷಿಸಬೇಕೆಂದು ನಾನು ಹಟ ಹಿಡಿದೆ. ಅದಕ್ಕೆ ಬಳಸಿದ್ದು 1980ರ ದಶಕದ ಆರಂಭದಲ್ಲಿ ಜೆ. ಎಫ್. ಕೆಲ್ಲಿ ಬಳಕೆಗೆ ತಂದ ‘ವಿಝಾರ್ಡ್ ಆಫ್ ಓಝ್’ ವಿಧಾನ. ಕರೆ ಮಾಡಿದವರಿಗೆ ಯಂತ್ರವೇ ಉತ್ತರಿಸುತ್ತಿದೆ ಎನಿಸುತ್ತದೆ. ವಾಸ್ತವದಲ್ಲಿ ಪಕ್ಕದ ಕೋಣೆಯಲ್ಲಿ ಕುಳಿತ ಒಬ್ಬರು ಕೇಳಿಸಿಕೊಂಡು, ಮೊದಲೇ ಮುದ್ರಿಸಿಟ್ಟ ತುಣುಕುಗಳಲ್ಲಿ ಹೊಂದುವಂಥದ್ದನ್ನು ಕೇಳಿಸುತ್ತಾರೆ. ಕರೆ ಮುಗಿದ ಕೂಡಲೇ ಈ ಏರ್ಪಾಟನ್ನು ಭಾಗವಹಿಸಿದವರಿಗೆ ವಿವರಿಸಿ, ಧ್ವನಿಯನ್ನು ಇಟ್ಟುಕೊಳ್ಳಲು ಅವರ ಒಪ್ಪಿಗೆಯನ್ನು ಮಾತಿನಲ್ಲಿಯೇ ದಾಖಲಿಸುತ್ತಿದ್ದೆವು. ಬೇಡವೆಂದವರ ಧ್ವನಿಯನ್ನು ಅವರೆದುರಿಗೇ ಅಳಿಸುತ್ತಿದ್ದೆವು.

ಈ ಸಂಶೋಧನೆ ನಿಜವಾಗಿ ಅಂತರಶಿಸ್ತೀಯವಾದದ್ದು ನಾಲ್ವರೂ ಒಂದೇ ಮೇಜಿನ ಸುತ್ತ ಕುಳಿತು ಒಂದೇ ಧ್ವನಿಮುದ್ರಣವನ್ನು ಕೇಳತೊಡಗಿದ ಮೇಲೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಒಬ್ಬ ರೈತರು ಹೀಗೆ ಹೇಳಿದ್ದರು: “ಮಳಿ ಹೋದ ಮ್ಯಾಲೆ ಹೂ ಛಲೋ ಬಿಟ್ಟಿತ್ರಿ, ಈಗ ನೋಡಿದ್ರ ಗಿಡ ನಿಂತಲ್ಲೇ ಒಣಗ್ಲತ್ತಾವ.” ಕೃಷಿಯವರು ಅದರಲ್ಲಿ ನೆಟೆ ರೋಗದ ಸುಳಿವು ಕಂಡು, ಕಾಂಡವನ್ನು ಸೀಳಿದಾಗ ಒಳಗೆ ಕಪ್ಪು ಗೆರೆಗಳಿವೆಯೇ ಎಂದು ಸೇವೆಯೇ ಮರುಪ್ರಶ್ನೆ ಕೇಳಬೇಕೆಂದರು. ಕಂಪ್ಯೂಟರಿನವರು ಗಾಳಿಯ ಸದ್ದನ್ನು ಗಮನಿಸಿದರು. ಸಾಮಾನ್ಯ ದೂರವಾಣಿ ಕರೆ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುವುದರಿಂದ ‘ಸ’, ‘ಶ’ದಂಥ ಅಕ್ಷರಗಳು ಮಸುಕಾಗುತ್ತವೆ ಎಂದು ಅವರು ತೋರಿಸಿಕೊಟ್ಟರು. ಭಾಷಾವಿಜ್ಞಾನದವರು ವಾಕ್ಯದ ಧಾಟಿಯನ್ನು ಗುರುತಿಸಿದರು: ಇಲ್ಲಿ ಪ್ರಶ್ನೆಯ ರೂಪವೇ ಇಲ್ಲ, ಹೊಲದ ಕಥೆ ಹೇಳಿ ಸುಮ್ಮನಾಗುವುದೇ ಕೇಳುವ ರೀತಿ. ಆ ಮೌನ ಮಾತಿನ ಕೊನೆಯಲ್ಲ, ಎದುರಿನವರ ಮಾತಿಗಾಗಿ ಕಾಯುವ ಸಮಯ ಎಂದು ನನಗೆ ಹೊಳೆಯಿತು. ಆದ್ದರಿಂದ ಕೆಲವೇ ಸೆಕೆಂಡು ಸದ್ದಿಲ್ಲದಿದ್ದರೆ ಮುದ್ರಣವನ್ನು ನಿಲ್ಲಿಸುವ ರೂಢಿಯ ವಿನ್ಯಾಸವನ್ನು ಕೈಬಿಟ್ಟು, “ಹೌದ್ರಿ, ಮುಂದ ಹೇಳ್ರಿ” ಎಂಬ ಸಣ್ಣ ಪ್ರೋತ್ಸಾಹವನ್ನು ನಡುವೆ ಸೇರಿಸಿದೆವು. ಈ ತೀರ್ಮಾನಕ್ಕೆ ನಮ್ಮಲ್ಲಿ ಯಾರೊಬ್ಬರೂ ತಮ್ಮಷ್ಟಕ್ಕೆ ಬರುತ್ತಿರಲಿಲ್ಲ.

ಪರೀಕ್ಷಾ ವಿಧಾನಗಳನ್ನೂ ಇಲ್ಲಿಗೆ ಹೊಂದಿಸಿಕೊಳ್ಳಬೇಕಾಯಿತು. ಬಳಸುವಾಗ ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳಿಸುವ ವಿಧಾನವನ್ನು ಕ್ಲೇಟನ್ ಲೂಯಿಸ್ 1982ರಲ್ಲಿ, ಜನರು ಕಂಪ್ಯೂಟರನ್ನು ಬಳಸುವ ಬಗೆಯನ್ನು ಅಧ್ಯಯನ ಮಾಡುವ ಕ್ಷೇತ್ರಕ್ಕೆ ಪರಿಚಯಿಸಿದರು. ಆದರೆ ಪರಿಚಯವಿಲ್ಲದವರ ಎದುರು ತಾವೊಬ್ಬರೇ ಮಾತಾಡಿಕೊಳ್ಳಲು ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಒಪ್ಪಲಿಲ್ಲ. ನವೋಮಿ ಮಿಯಾಕೆ 1986ರಲ್ಲಿ ಇಬ್ಬರನ್ನು ಜೊತೆಗೂಡಿಸಿ ಅವರ ನಡುವಿನ ಮಾತನ್ನು ಅಧ್ಯಯನ ಮಾಡಿದ ಮಾದರಿ ನಮ್ಮ ನೆರವಿಗೆ ಬಂದಿತು. ಓರಗಿತ್ತಿಯರಿಬ್ಬರ ಕೈಗೆ ಒಂದೇ ಫೋನು ಕೊಟ್ಟಾಗ ಕಿರಿಯವರು, “ತಡಿ ಯಕ್ಕಾ, ಅದಿನ್ನಾ ಹೇಳ್ಲತ್ತದ” ಎಂದರು. ಹಿರಿಯವರು, “ಅದು ಹೇಳಿ ಮುಗಿಸೋತನಕ ಎರಡಕ್ಕ ಏನಿತ್ತಂತ ಮರತೇ ಹೋಗ್ತದ” ಎಂದರು. ಆ ಒಂದು ಮಾತಿನಿಂದ ಆಯ್ಕೆಗಳು ಮೂರಕ್ಕೆ ಇಳಿದವು. ಮೊದಲು ವಿಷಯ, ಆಮೇಲೆ ಸಂಖ್ಯೆ ಎಂಬ ಕ್ರಮವೂ ಖಚಿತವಾಯಿತು.

ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಬಳಕೆ ಸುಲಭತೆಯ ಅಳತೆಗೋಲಿನಲ್ಲಿ ಹತ್ತು ಹೇಳಿಕೆಗಳಿದ್ದು, ಅನುಕೂಲದ್ದೂ ಪ್ರತಿಕೂಲದ್ದೂ ಒಂದಾದ ಮೇಲೊಂದು ಬರುತ್ತವೆ. ಓದಿ ಗುರುತು ಹಾಕುವವರಿಗೆ ಅದು ಸರಿ. ಕಿವಿಯಿಂದ ಕೇಳಿ ಉತ್ತರಿಸುವವರಿಗೆ ನಕಾರದ ವಾಕ್ಯಗಳು ತೊಡಕಾಗುತ್ತವೆ. ಹೀಗಾಗಿ ಅಂಕ ಕೇಳುವ ಬದಲು, “ಈ ನಂಬರ್ ನಿಮ್ಮ ಬೀಗರಿಗೆ ಕೊಡ್ತೀರೇನ್ರಿ? ಯಾಕ?” ಎಂದು ಕೇಳಿದೆವು. ಆ ‘ಯಾಕ’ದ ಉತ್ತರಗಳು ಪ್ರಬಂಧದ ಒಂದು ಇಡೀ ಅಧ್ಯಾಯವಾದವು.

ಪ್ರಬಂಧ ಯಾವ ವಿಭಾಗಕ್ಕೆ ಸೇರಬೇಕು, ಲೇಖನದಲ್ಲಿ ಯಾರ ಹೆಸರು ಮೊದಲು ಬರಬೇಕು ಎಂಬ ಮಾತುಗಳನ್ನು ಆರಂಭದಲ್ಲಿಯೇ ಬರೆದಿಟ್ಟುಕೊಂಡಿದ್ದೆವು. ಹೊಸದಾಗಿ ಇಂಥ ಕೆಲಸಕ್ಕೆ ಇಳಿಯುವವರೂ ಹಾಗೆಯೇ ಮಾಡಲಿ.

ಈಗ ನಮ್ಮೆದುರು ಇರುವುದು ಮನೆಮಂದಿಗೆಲ್ಲ ಒಂದೇ ಫೋನು ಎಂಬ ಸಂಗತಿ. ಸಂಖ್ಯೆಯಿಂದ ಕರೆದವರನ್ನು ಗುರುತಿಸಿ ಹಳೆಯ ಪ್ರಶ್ನೆಯನ್ನು ಮುಂದುವರಿಸಿದರೆ, ಸೊಸೆ ಕೇಳಿದ್ದು ಮಾವನ ಕಿವಿಗೆ ಬೀಳುತ್ತದೆ. ಆದ್ದರಿಂದ ಪ್ರತಿ ಪ್ರಶ್ನೆಗೂ ಕೇಳಿದವರೇ ಆರಿಸಿಕೊಳ್ಳುವ ಎರಡಂಕಿಯ ಗುರುತು ಕೊಟ್ಟು, ಅದನ್ನು ಒತ್ತಿದವರಿಗಷ್ಟೇ ಉತ್ತರ ಕೇಳಿಸುವ ಏರ್ಪಾಟನ್ನು ಜೇವರ್ಗಿ ತಾಲ್ಲೂಕಿನ ಹೆಣ್ಣುಮಕ್ಕಳೊಂದಿಗೆ ಪರೀಕ್ಷಿಸುತ್ತಿದ್ದೇವೆ.