ಪುಟ್ಟ ಮಕ್ಕಳಿಗೆ ಮುಂಬೈಯ ಬಾಂದ್ರಾದ ಕ್ರಿಸ್‌ಮಸ್ ತೋರಿಸುವವರಿಗೆ

ಎರಡು-ಮೂರು ವರ್ಷದ ಮಕ್ಕಳಿದ್ದರೆ ಡಿಸೆಂಬರ್ 24ರ ನೂಕುನುಗ್ಗಲಿಗೆ ಕಾಯಬೇಡಿ. ವಾರ ಮೊದಲೇ, ರಜೆಯಿಲ್ಲದ ದಿನ ಸಂಜೆ ಆರರ ಹೊತ್ತಿಗೆ ಹಿಲ್ ರೋಡ್‌ಗೆ ಕರೆದುಕೊಂಡು ಹೋಗಿ. ಕತ್ತಲಾಗುತ್ತಿದ್ದಂತೆ ನಕ್ಷತ್ರದ ಗೂಡುದೀಪಗಳು ಒಂದೊಂದೇ ಹೊತ್ತಿಕೊಳ್ಳುತ್ತವೆ. ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಮಾದರಿ) ಕಂಡರೆ ಮಗುವನ್ನು ಕೆಳಗಿಳಿಸಿ, ಅದರ ಎತ್ತರಕ್ಕೆ ನೀವೂ ಕುಕ್ಕರಗಾಲಲ್ಲಿ ಕೂತು ನೋಡಿ. ನನ್ನ ಮಗಳು ಕುರಿಮರಿಗೆ ಚಳಿಯಂತೆ ಅಂತ ತನ್ನ ಕರ್ಚೀಫು ಹೊದಿಸಲು ಹೊರಟಳು! ಇಂಥಲ್ಲಿ ದಯವಿಟ್ಟು ತಿದ್ದಬೇಡಿ, "ಆಮೇಲೆ ಕುರಿಮರಿ ಏನಂತು?" ಅಂತ ಕೇಳಿ. ಮನೆಗೆ ಮರಳುವಾಗ ಲೋಕಲ್ ರೈಲು ದಾದರ್ ದಾಟಿದರೂ ಕಥೆ ಮುಗಿಯಲ್ಲ, ಆ ಖುಷಿಯೇ ಬೇರೆ.

ಮನೆಗೆ ಮಿಣುಕು ದೀಪ ಕೊಳ್ಳುವಾಗ ಬಟನ್ ಸೆಲ್ಲಿನದು ಬೇಡವೇ ಬೇಡ; ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಪೆನ್ಸಿಲ್ ಸೆಲ್ಲಿನದು, ಮುಚ್ಚಳಕ್ಕೆ ಸ್ಕ್ರೂ ಇರುವುದನ್ನೇ ತನ್ನಿ.