ಆರದ ಕಾಫಿಗಾಗಿ ನಾನು ಮಾಡಿದ ಕಿತಾಪತಿ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಸ್ವಲ್ಪ ಒಳಗೆ. ನನ್ನದು ಮನೆಯಿಂದಲೇ ಕೆಲಸ. ಬೆಳಿಗ್ಗೆ ಹತ್ತಕ್ಕೆ ಅಮ್ಮ ಕಾಫಿ ತಂದಿಡುತ್ತಾಳೆ, ಸರಿಯಾಗಿ ಅದೇ ಹೊತ್ತಿಗೆ ಮೀಟಿಂಗ್ ಶುರುವಾಗುತ್ತದೆ. ಮುಗಿಸಿ ಲೋಟ ಎತ್ತಿದರೆ ಮೇಲೆ ಕೆನೆ, ಕೆಳಗೆ ತಣ್ಣನೆ ಕಾಫಿ. ಮಳೆಗಾಲದಲ್ಲಂತೂ ಕೇಳಲೇಬೇಡಿ. ಮತ್ತೆ ಬಿಸಿ ಮಾಡಿದರೆ ಆ ರುಚಿ ಇರುವುದಿಲ್ಲ.

ಮೊದಲು ಕಡ್ಡಿಯಂಥ ಒಂದು ಅಡುಗೆ ಥರ್ಮಾಮೀಟರ್ ತರಿಸಿದೆ. ನಮ್ಮ ಸ್ಟೀಲ್ ಲೋಟಕ್ಕೆ ಬಗ್ಗಿಸಿದಾಗ ಕಾಫಿ 76 ಡಿಗ್ರಿ. ಏಳು ನಿಮಿಷಕ್ಕೆ 62, ಹದಿನೈದಕ್ಕೆ 52. ನನ್ನ ನಾಲಿಗೆಗೆ ಹಿತ ಅನ್ನಿಸುವುದು ಈ 62ರಿಂದ 52ರ ನಡುವೆ ಮಾತ್ರ. ಅಂದರೆ ಕಾಫಿ ಕಾಫಿಯಾಗಿರುವುದು ಬರೀ ಎಂಟು ನಿಮಿಷ! ನನಗೆ ಬೇಕಾಗಿದ್ದು ಸುಡುಸುಡು ಕಾಫಿಯಲ್ಲ, ಈ ಎಂಟು ನಿಮಿಷವನ್ನು ಎಳೆದು ಅರ್ಧ ಗಂಟೆ ಮಾಡುವ ದಾರಿ.

ಅಮ್ಮನಿಗೆ ಇದು ಅರ್ಥವೇ ಆಗುವುದಿಲ್ಲ. ಅವಳು ಒಲೆಯಿಂದ ಇಳಿಸಿದ್ದನ್ನು ಹಾಗೇ ಕುಡಿಯುವವಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲೇ ಹೇಳಿದೆ, 65 ಡಿಗ್ರಿಗಿಂತ ಬಿಸಿಯಾಗಿ ಕುಡಿಯುವುದು ಅನ್ನನಾಳಕ್ಕೆ ಒಳ್ಳೆಯದಲ್ಲ, ತಪ್ಪು ಕಾಫಿಯದ್ದಲ್ಲ ಬಿಸಿಯದ್ದು ಅಂತ ಓದಿ ಹೇಳಿದೆ. "ಹೌದಾ? ನಿನ್ನ ಅಜ್ಜಿಗೆ ಯಾರೂ ಹೇಳಿರಲಿಲ್ಲ ನೋಡು" ಅಂದಳು. ಅಜ್ಜಿ ತೊಂಬತ್ತು ದಾಟಿದ್ದರು.

ಲೋಟವನ್ನು ಬಿಸಿಯಾಗಿಡಲು ಮಾಡಿದ ಮೊದಲ ಖರೀದಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ ಯುಎಸ್‌ಬಿ ತಟ್ಟೆ. ಸುಮ್ನೆ ದುಡ್ಡು ದಂಡ. ಅದರ ಶಕ್ತಿ 5 ವ್ಯಾಟ್. ಒಂದು ಲೋಟ, ಅಂದರೆ 150 ಎಂಎಲ್ ಕಾಫಿ ನಿಮಿಷಕ್ಕೆ ಕಡಿಮೆ ಅಂದರೂ ಒಂದು ಡಿಗ್ರಿ ಇಳಿಯುತ್ತಿದೆ ಅಂದರೆ ಹತ್ತಿರ ಹತ್ತಿರ 10 ವ್ಯಾಟ್ ಶಾಖ ಹೋಗುತ್ತಿದೆ ಅಂತ ಲೆಕ್ಕ. ಬರುವುದು ಐದು, ಹೋಗುವುದು ಹತ್ತು. ಜೊತೆಗೆ ನಮ್ಮ ಲೋಟವನ್ನು ಮಗುಚಿ ನೋಡಿ, ತಳ ಒಳಕ್ಕೆ ತಗ್ಗಾಗಿರುತ್ತದೆ. ತಟ್ಟೆಗೆ ತಾಗುವುದು ಅಂಚಿನ ಒಂದು ಗೆರೆ ಮಾತ್ರ. ಬರುವ ಐದರಲ್ಲೂ ಅರ್ಧ ಗಾಳಿ ಪಾಲು.

ಆಮೇಲೆ ಗೋಡೆ ಪ್ಲಗ್ಗಿಗೆ ಹಾಕುವ 20 ವ್ಯಾಟಿನ ತಟ್ಟೆ ತಂದೆ. ಇದು ಕೆಲಸ ಮಾಡಿತು, ಸಮತಟ್ಟು ತಳದ ಪಿಂಗಾಣಿ ಕಪ್ ಇಟ್ಟರೆ. ಆದರೆ ಮುಕ್ಕಾಲು ಗಂಟೆ ಆಗುವಾಗ ಕೆನೆ ದಪ್ಪವಾಗಿ, ಡಿಕಾಕ್ಷನ್ ಕಹಿ ಜಾಸ್ತಿಯಾಗುತ್ತಿತ್ತು. ಮತ್ತೆ ಜುಲೈನಲ್ಲಿ ನಮ್ಮಲ್ಲಿ ಕರೆಂಟು ಇರುವುದೇ ವಿಶೇಷ ಅಲ್ವಾ? ಇನ್ವರ್ಟರ್ ಇದೆ, ಆದರೆ ಅದು ವೈಫೈಗೆ ಮೀಸಲು.

ಫ್ಲಾಸ್ಕ್ ಇಲ್ಲವೇ ಅಂತ ಕೇಳಬಹುದು. ಇದೆ. ಸ್ಕಾಟ್ಲೆಂಡಿನ ಜೇಮ್ಸ್ ಡ್ಯೂವರ್ 1892ರಲ್ಲಿ ಅದನ್ನು ಮಾಡಿದ್ದು ಕಾಫಿಗಲ್ಲ, ತೀರಾ ತಣ್ಣಗಿನ ದ್ರವಗಳನ್ನು ಹಾಗೇ ತಣ್ಣಗೆ ಇಡುವುದಕ್ಕೆ. ಒಳ್ಳೆಯ ಫ್ಲಾಸ್ಕಿನ ತೊಂದರೆ ಅಂದರೆ ಅದು ತುಂಬಾ ಒಳ್ಳೆಯದು. ಒಂದು ಗಂಟೆ ಬಿಟ್ಟು ಕುಡಿದರೂ ನಾಲಿಗೆ ಸುಡುತ್ತದೆ. ಹಾಲು ಹಾಕಿದ ಕಾಫಿಯನ್ನು ಮಧ್ಯಾಹ್ನದವರೆಗೂ ಇಟ್ಟರೆ ವಾಸನೆ ಬೇರೆ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅಮ್ಮ ಡಿಕಾಕ್ಷನ್ ಬೇರೆ, ಹಾಲು ಬೇರೆ ಇಟ್ಟು ಕೇಳಿದವರಿಗೆ ಆಗಲೇ ಬೆರೆಸಿ ಕೊಡುತ್ತಿದ್ದುದು ಯಾಕೆ ಅಂತ ಈಗ ಗೊತ್ತಾಯಿತು.

ನನಗೆ ನಿಜವಾಗಿ ರುಚಿಸಿದ್ದು ಇನ್ನೊಂದು ಉಪಾಯ. 2011ರಲ್ಲಿ ಅಮೆರಿಕದಲ್ಲಿ ಇಬ್ಬರು ಗೆಳೆಯರು ಕಾಫಿ ಜೂಲೀಸ್ ಅನ್ನುವ ಸ್ಟೀಲ್ ಬೀಜಗಳನ್ನು ಮಾಡಿದ್ದರು. ಕಾಫಿ ಬೀಜದ ಆಕಾರ, ಒಳಗೆ 60 ಡಿಗ್ರಿಗೆ ಕರಗುವ ವಸ್ತು. ಸುಡುವ ಕಾಫಿಗೆ ಹಾಕಿದರೆ ಅದು ಕರಗುತ್ತಾ ಹೆಚ್ಚಿನ ಬಿಸಿಯನ್ನು ನುಂಗುತ್ತದೆ. ಕಾಫಿ ಆರಲು ಹೊರಟಾಗ ಗಟ್ಟಿಯಾಗುತ್ತಾ ಅದೇ ಬಿಸಿಯನ್ನು ವಾಪಸ್ ಕೊಡುತ್ತದೆ. ಕರೆಂಟು ಬೇಡ, ಬ್ಯಾಟರಿ ಬೇಡ. ಇದನ್ನು ಓದಿದ ದಿನ ನನಗೆ ನೆನಪಾಗಿದ್ದು ನಮ್ಮನೆ ಕಪಾಟಿನಲ್ಲಿ ಸದಾ ಇರುವ ಮೇಣದಬತ್ತಿ ಪ್ಯಾಕೆಟ್.

ಒಂದು ಬತ್ತಿಯನ್ನು ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿ, ಥರ್ಮಾಮೀಟರ್ ಅದ್ದಿ ಆರಲು ಬಿಟ್ಟೆ. ಅಂಕಿ ಇಳಿಯುತ್ತಾ ಬಂದು 56ರಲ್ಲಿ ನಿಂತುಬಿಟ್ಟಿತು. ಅಂಚಿನಲ್ಲಿ ಮೇಣ ಬೆಳ್ಳಗಾಗುತ್ತಿದೆ, ಅಂಕಿ ಮಾತ್ರ ಅಲ್ಲಾಡುವುದಿಲ್ಲ. ಇದೇ ಬೇಕಿತ್ತು!

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಎರಡು ಲೋಟ ತಂದೆ. ಚಿಕ್ಕದು ದೊಡ್ಡದರೊಳಗೆ ಇಳಿದು, ಅದರ ಅಗಲ ಕಂಠ ದೊಡ್ಡದರ ಬಾಯಿ ಮೇಲೆ ಕೂರಬೇಕು. ಅಂಗಡಿಯವರು ಹನ್ನೆರಡು ಜೋಡಿ ತೆಗೆದು ತೋರಿಸಿದರು, ಪಾಪ. ದೊಡ್ಡ ಲೋಟಕ್ಕೆ ಕರಗಿದ ಮೇಣ ಬಗ್ಗಿಸಿ ಚಿಕ್ಕದನ್ನು ಇಳಿಸಿದರೆ ಅದು ತೇಲಿ ಮೇಲೆ ಬಂತು. ಒಳಗೆ ನೀರು ತುಂಬಿದ ಮೇಲೆ ಕೂತಿತು.

ಮೊದಲ ಸಲ ಮೇಣವನ್ನು ಬಾಯಿವರೆಗೂ ತುಂಬಿದ್ದೆ. ಮೇಣ ಕರಗಿದರೆ ಉಬ್ಬುತ್ತದೆ ಅನ್ನುವುದು ಹೊಳೆದಿರಲಿಲ್ಲ. ಕುಡಿಯಲು ಎತ್ತಿದರೆ ತುಟಿಗೆ ಬಿಸಿ ಮೇಣ, ಕಾಫಿ ಮೇಲೆ ತುಪ್ಪದ ಹನಿಯ ಹಾಗೆ ಎರಡು ಚುಕ್ಕೆ. ಅಮ್ಮ ಬಗ್ಗಿ ನೋಡಿ, "ಎಂತ ಮಾರಾಯ ಇದು, ಕಾಫಿಗೆ ಒಗ್ಗರಣೆ ಹಾಕಿದ್ಯಾ?" ಅಂದಳು. ಎರಡನೇ ಸಲ ಮೇಲೆ ಒಂದು ಬೆರಳಿನಷ್ಟು ಜಾಗ ಬಿಟ್ಟು, ಕಂಠದ ಹೊರಗಡೆ ಸುತ್ತ ಎಂ-ಸೀಲ್ ಮೆತ್ತಿ ಒಂದು ದಿನ ಒಣಗಿಸಿದೆ. ನೀವೂ ಮಾಡುವುದಾದರೆ ಇದನ್ನು ಯಾವತ್ತೂ ಒಲೆ ಮೇಲೆ ಇಡಬೇಡಿ.

ಈಗ ಕುದಿಯುವ ಹಾಲಿನಲ್ಲಿ ಬೆರೆಸಿದ ಕಾಫಿ ಹಾಕಿದರೆ ಐದು ನಿಮಿಷದಲ್ಲಿ 60ಕ್ಕೆ ಬರುತ್ತದೆ. ಮುಂಚೆಗಿಂತ ಬೇಗ ಕುಡಿಯುವ ಹದ! ಆಮೇಲೆ ಹತ್ತಿರ ಹತ್ತಿರ ಅರ್ಧ ಗಂಟೆ 58ರಿಂದ 53ರ ಒಳಗೇ ಇರುತ್ತದೆ, ಮೇಲೆ ತಟ್ಟೆ ಮುಚ್ಚಿದ್ದರೆ. ಈ ಮುಚ್ಚಳದ ವಿಷಯವನ್ನು ಮೊದಲೇ ಹೇಳಬೇಕಿತ್ತು. ತೆರೆದ ಲೋಟದಲ್ಲಿ ಶಾಖ ಹೆಚ್ಚು ಹೋಗುವುದು ಆವಿಯ ಜೊತೆ. ಹಳೇ ಬರೀ ಲೋಟಕ್ಕೇ ಒಂದು ತಟ್ಟೆ ಮುಚ್ಚಿದಾಗ 52ಕ್ಕೆ ಇಳಿಯಲು ಹದಿನೈದರ ಬದಲು ಇಪ್ಪತ್ತೈದು ನಿಮಿಷ ಬೇಕಾಯಿತು. ಖರ್ಚು ಸೊನ್ನೆ.

ಲೋಟ ಭಾರ ಇದೆ, ನೋಡಲು ಚಂದವೂ ಇಲ್ಲ. ನೆಂಟರು ಬಂದಾಗ ಅಮ್ಮ ಒಳಗೆ ಬಚ್ಚಿಡುತ್ತಾಳೆ. 20 ವ್ಯಾಟಿನ ತಟ್ಟೆ ಮಾತ್ರ ಅವಳ ಪಾಲಾಗಿದೆ. ಡಿಸೆಂಬರ್ ಚಳಿಗೆ ಗಟ್ಟಿಯಾದ ಕೊಬ್ಬರಿ ಎಣ್ಣೆ ಬಾಟಲಿಯನ್ನು ಅದರ ಮೇಲಿಟ್ಟು ತಲೆ ಬಾಚಲು ಕೂರುತ್ತಾಳೆ.