ಹಲ್ಲು ನೋಡಿ, ಕಾಲು ನೋಡಿ: ಸಸ್ತನಿಗಳ ಗುಂಪು ಗುರುತಿಸುವುದು ಹೇಗೆ

ಅಡುಗೆಮನೆಯ ಗೋಡೆ ಬದಿಯಲ್ಲಿ ಚೀಂಗುಡುತ್ತಾ ಓಡುವ ಸೊಂಡಿಲಿಯನ್ನು ಎಲ್ಲರೂ ಇಲಿ ಅಂತಲೇ ಅಂದುಕೊಳ್ಳುತ್ತಾರೆ. ಅದು ಇಲಿಯಲ್ಲ, ಇಲಿಗೆ ಹತ್ತಿರದ ನೆಂಟನೂ ಅಲ್ಲ. ಬೂದು ಬಣ್ಣ, ಸಣ್ಣ ಮೈ, ಉದ್ದ ಬಾಲ, ರಾತ್ರಿ ಹೊತ್ತು ಮನೆಯೊಳಗೆ ಓಡಾಟ, ಇಷ್ಟು ಹೊಂದಿದರೆ ಸಾಕು, ನಮ್ಮ ಕಣ್ಣು ತೀರ್ಮಾನ ಕೊಟ್ಟುಬಿಡುತ್ತದೆ. ಸಸ್ತನಿಗಳನ್ನು ಗುಂಪು ಮಾಡಲು ಹೊರಟವರು ಜಾಸ್ತಿ ಎಡವುವುದು ಇಲ್ಲೇ. ಮೈ ಆಕಾರ, ಗಾತ್ರ, ಬಣ್ಣ ಇವೆಲ್ಲ ಆ ಪ್ರಾಣಿ ಎಲ್ಲಿ ಬದುಕುತ್ತದೆ ಅನ್ನುವುದನ್ನು ಚೆನ್ನಾಗಿ ಹೇಳುತ್ತವೆ. ಯಾರ ವಂಶದ್ದು ಅನ್ನುವುದು ಗೊತ್ತಾಗಬೇಕಾದರೆ ಬಾಯಿ ಮತ್ತು ಪಾದ ನೋಡಬೇಕು. ಈಗಿನ ವಿಜ್ಞಾನಿಗಳು ಡಿಎನ್‌ಎ ನೋಡಿ ಕೊನೆಯ ಮಾತು ಹೇಳುತ್ತಾರೆ, ನಿಜ. ಆದರೆ ನಮ್ಮ ನಿಮ್ಮ ಹತ್ತಿರ ಪ್ರಯೋಗಾಲಯ ಇಲ್ಲವಲ್ಲ. ಹಲ್ಲು, ಕಾಲು ಎರಡನ್ನೂ ಸರಿಯಾಗಿ ನೋಡಲು ಕಲಿತರೆ ನಮ್ಮ ಸುತ್ತಮುತ್ತಲ ಹೆಚ್ಚಿನ ಪ್ರಾಣಿಗಳ ಗುಂಪು ಸಿಕ್ಕೇ ಸಿಗುತ್ತದೆ.

ಮೊದಲು, ಅದು ಸಸ್ತನಿಯೇ?

ಜೀವಂತ ಪ್ರಾಣಿಯಾದರೆ ಇದು ಸುಲಭ. ಮೈಮೇಲೆ ಕೂದಲು ಇದೆಯಾ, ಮರಿಗೆ ಹಾಲು ಕೊಡುತ್ತದಾ, ಇಷ್ಟೇ. ಕೂದಲು ಅಂದರೆ ದಟ್ಟ ತುಪ್ಪಳವೇ ಆಗಬೇಕಿಲ್ಲ. ಆನೆಗೆ ಅಲ್ಲೊಂದು ಇಲ್ಲೊಂದು ಒರಟು ಕೂದಲು ಇರುತ್ತದೆ. ಹಲವು ಡಾಲ್ಫಿನ್‌ಗಳಿಗೆ ಹುಟ್ಟುವಾಗ ಮೂತಿಯ ಮೇಲೆ ನಾಲ್ಕಾರು ಕೂದಲು ಇದ್ದು ಆಮೇಲೆ ಉದುರಿ ಹೋಗುತ್ತವೆ. ಮುಳ್ಳುಹಂದಿಯ ಮುಳ್ಳು ಕೂಡ ಗಟ್ಟಿಯಾದ ಕೂದಲೇ.

ತಲೆಬುರುಡೆ ಮಾತ್ರ ಸಿಕ್ಕಿದರೆ ಕೆಳದವಡೆ ನೋಡಿ. ಸಸ್ತನಿಗಳಲ್ಲಿ ಕೆಳದವಡೆಯ ಒಂದೊಂದು ಪಕ್ಕವೂ ಒಂದೇ ಮೂಳೆ. ಹಲ್ಲಿ, ಮೊಸಳೆಗಳಲ್ಲಿ ಅದು ಹಲವು ಮೂಳೆ ಸೇರಿ ಆಗಿರುತ್ತದೆ. ಹಾಗಾದರೆ ನಮ್ಮಲ್ಲಿ ಉಳಿದ ಮೂಳೆಗಳು ಎಲ್ಲಿ ಹೋದವು? ಸಸ್ತನಿಗಳ ಕಥೆಯಲ್ಲಿ ನನಗೆ ಅತಿ ಇಷ್ಟದ ಭಾಗ ಇದೇ. ಕೋಟ್ಯಂತರ ವರ್ಷಗಳಲ್ಲಿ ದವಡೆಯ ಕೀಲಿನಲ್ಲಿದ್ದ ಎರಡು ಮೂಳೆಗಳು ಸಣ್ಣದಾಗುತ್ತಾ ಹೋಗಿ ಕಿವಿಯೊಳಗೆ ಸೇರಿಕೊಂಡವು. ಹಕ್ಕಿ, ಹಲ್ಲಿಗಳ ಕಿವಿಯಲ್ಲಿ ಸದ್ದು ಸಾಗಿಸುವ ಮೂಳೆ ಒಂದೇ. ನಮ್ಮ ಕಿವಿಯಲ್ಲಿ ಮೂರು. ಅಂದರೆ ನೀವು ಈಗ ಕೇಳಿಸಿಕೊಳ್ಳುತ್ತಿರುವುದು, ಒಂದು ಕಾಲಕ್ಕೆ ಯಾವುದೋ ಪೂರ್ವಜ ಆಹಾರ ಕಚ್ಚಲು ಬಳಸುತ್ತಿದ್ದ ಮೂಳೆಯಿಂದ!

ಒಳಗಿನ ಗುರುತುಗಳು ಇನ್ನೂ ಇವೆ. ಎದೆಗೂ ಹೊಟ್ಟೆಗೂ ನಡುವೆ ವಪೆ ಅನ್ನುವ ಸ್ನಾಯುವಿನ ಪರದೆ ಇರುತ್ತದೆ, ಉಸಿರಾಟದ ಮುಖ್ಯ ಕೆಲಸ ಅದರದ್ದೇ. ಬೆಳೆದ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇರುವುದಿಲ್ಲ. ಹೃದಯಕ್ಕೆ ನಾಲ್ಕು ಕೋಣೆ ಇದೆ, ಆದರೆ ಹಕ್ಕಿಗೂ ಮೊಸಳೆಗೂ ನಾಲ್ಕೇ ಇರುವುದರಿಂದ ಅದೊಂದನ್ನೇ ನಂಬಿ ಕೂರಬೇಡಿ. ಕುತ್ತಿಗೆಯ ಮೂಳೆ ಎಣಿಸಿದರೆ ಏಳು. ಜಿರಾಫೆಗೂ ಏಳು, ಇಲಿಗೂ ಏಳು, ನಮಗೂ ಏಳು. ಮರಕ್ಕೆ ನೇತಾಡುತ್ತಾ ಬದುಕುವ ದಕ್ಷಿಣ ಅಮೆರಿಕದ ಕಡೆಯ ಸ್ಲಾತ್ ಮತ್ತು ನೀರಿನಲ್ಲೇ ಬದುಕುವ ಮ್ಯಾನಟೀ ಮಾತ್ರ ಈ ಲೆಕ್ಕ ತಪ್ಪಿಸುತ್ತವೆ.

ಮೂರು ದೊಡ್ಡ ಪಾಲು

ಸಸ್ತನಿ ಹೌದು ಅಂತಾದ ಮೇಲೆ ಮೂರು ದಾರಿ. ಮೊಟ್ಟೆ ಇಡುವವು, ಚೀಲದಲ್ಲಿ ಮರಿ ಬೆಳೆಸುವವು, ಗರ್ಭದಲ್ಲೇ ಪೂರ್ತಿ ಬೆಳೆಸಿ ಹೆರುವವು. ಮೊಟ್ಟೆಯಿಡುವ ಪ್ಲಾಟಿಪಸ್ ಮತ್ತು ಎಕಿಡ್ನಾ ಆಸ್ಟ್ರೇಲಿಯಾ, ನ್ಯೂಗಿನಿ ಬಿಟ್ಟರೆ ಬೇರೆಲ್ಲೂ ಇಲ್ಲ. ಇವುಗಳಿಗೆ ಮೊಲೆತೊಟ್ಟು ಇಲ್ಲ, ಹಾಲು ಚರ್ಮದ ಮೇಲೆ ಜಿನುಗುತ್ತದೆ, ಮರಿ ಅದನ್ನೇ ಹೀರುತ್ತದೆ. ಕಾಂಗರೂ ಥರದ ಚೀಲದ ಪ್ರಾಣಿಗಳು ಆಸ್ಟ್ರೇಲಿಯಾ ಕಡೆ ಮತ್ತು ಅಮೆರಿಕ ಖಂಡಗಳಲ್ಲಿವೆ. ಭಾರತದ ಕಾಡು, ಮೇಡು, ಸಮುದ್ರಗಳಲ್ಲಿ ಇರುವುದೆಲ್ಲ ಮೂರನೇ ಪಾಲಿನವು. ಹಾಗಾಗಿ ನಮ್ಮ ಮಟ್ಟಿಗೆ ಈ ಹಂತ ಒಂದು ನಿಮಿಷದ್ದು. ನಿಜವಾದ ಕೆಲಸ ಇನ್ನು ಮುಂದಿದೆ.

ಬಾಯಿ ತೆರೆಸಿ

ಹಲ್ಲಿನಲ್ಲಿ ನಾಲ್ಕು ಬಗೆ: ಮುಂದೆ ಬಾಚಿಹಲ್ಲು, ಅದರ ಪಕ್ಕ ಕೋರೆಹಲ್ಲು, ಹಿಂದೆ ಮುಂದವಡೆ ಹಲ್ಲು, ಕೊನೆಗೆ ದವಡೆಹಲ್ಲು. ಒಂದೇ ಬಾಯಲ್ಲಿ ಹೀಗೆ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಹಲ್ಲು ಇರುವುದು ಸಸ್ತನಿಗಳ ದೊಡ್ಡ ಗುಣ. ಯಾವ ಹಲ್ಲು ಎಷ್ಟಿದೆ, ಯಾವುದು ಇಲ್ಲವೇ ಇಲ್ಲ, ಎಲ್ಲಿ ಖಾಲಿ ಜಾಗ ಇದೆ ಅನ್ನುವುದನ್ನು ಬರೆದುಕೊಳ್ಳುತ್ತಾ ಹೋಗಿ.

ಹಸುವಿನಿಂದ ಶುರು ಮಾಡಿ. ಮೇಲಿನ ತುಟಿ ಎತ್ತಿದರೆ ಅಲ್ಲಿ ಬಾಚಿಹಲ್ಲೇ ಇಲ್ಲ! ಬರೀ ಗಟ್ಟಿ ಒಸಡು. ಕೆಳಗೆ ಮಾತ್ರ ಎಂಟು, ಅದರಲ್ಲಿ ಕೊನೆಯ ಎರಡು ನಿಜವಾಗಿ ಕೋರೆಹಲ್ಲುಗಳು, ಬಾಚಿಹಲ್ಲಿನ ವೇಷ ಹಾಕಿಕೊಂಡು ಸಾಲಿನಲ್ಲಿ ನಿಂತಿವೆ. ಆಮೇಲೆ ದೊಡ್ಡ ಖಾಲಿ ಜಾಗ, ಅದರ ಹಿಂದೆ ಅರೆಯುವ ಹಲ್ಲುಗಳ ಸಾಲು. ಒಟ್ಟು 32. ದನದ ಜಾತ್ರೆಗೆ ಹೋದವರಿಗೆ ಇದು ಹೊಸದಲ್ಲ. ಎರಡು ಹಲ್ಲಿನ ಹೋರಿ, ನಾಲ್ಕು ಹಲ್ಲಿನದು, ಬಾಯಿಗೂಡಿದ್ದು ಅಂತ ವಯಸ್ಸು ಹೇಳುವುದು ಕೆಳಗಿನ ಈ ಎಂಟರಲ್ಲಿ ಎಷ್ಟು ಹಾಲುಹಲ್ಲು ಬಿದ್ದು ಹೊಸದು ಬಂದಿದೆ ಅಂತ ನೋಡಿಯೇ. ಕುರಿ, ಮೇಕೆ, ಜಿಂಕೆ, ಕಡವೆ, ಕಾಟಿ ಎಲ್ಲದಕ್ಕೂ ಮೇಲೆ ಬಾಚಿಹಲ್ಲು ಇರುವುದಿಲ್ಲ. ಕೊಂಬು ಇರಲಿ ಬಿಡಲಿ, ಮೆಲುಕು ಹಾಕುವ ಗುಂಪು ಅಂತ ಇಷ್ಟರಲ್ಲೇ ಹೇಳಬಹುದು.

ಇಲಿ, ಹೆಗ್ಗಣ, ಅಳಿಲುಗಳದ್ದು ಬೇರೆ ಕಥೆ. ಮೇಲೆ ಎರಡು, ಕೆಳಗೆ ಎರಡು ಬಾಚಿಹಲ್ಲು, ಉಳಿಯ ಹಾಗೆ ಚೂಪು. ಇವು ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ, ಅದಕ್ಕೇ ಏನನ್ನಾದರೂ ಕಡಿಯುತ್ತಲೇ ಇರಬೇಕು. ಮುಂಭಾಗಕ್ಕೆ ಮಾತ್ರ ಗಟ್ಟಿ ಎನಾಮೆಲ್, ಹಿಂಭಾಗ ಮೆದು. ಹಿಂಭಾಗ ಬೇಗ ಸವೆಯುವುದರಿಂದ ತುದಿ ತಾನಾಗಿಯೇ ಹರಿತವಾಗುತ್ತದೆ. ಕೋರೆಹಲ್ಲು ಇಲ್ಲ. ಇಲಿಗೆ ಒಟ್ಟು 16 ಹಲ್ಲು. ಮುಳ್ಳುಹಂದಿಯ ಬುರುಡೆಯಲ್ಲೂ ಇದೇ ವ್ಯವಸ್ಥೆ, ಹಾಗಾಗಿ ಅದನ್ನು ಇಲಿಯ ಪಾಲಿಗೆ ಸೇರಿಸಿ, ಹಂದಿಯ ಪಾಲಿಗಲ್ಲ. ಜಗತ್ತಿನ ಸುಮಾರು 6,500 ಬಗೆಯ ಸಸ್ತನಿಗಳಲ್ಲಿ ನೂರಕ್ಕೆ 40ರಷ್ಟು ಈ ದಂಶಕಗಳೇ.

ಮೊಲವೂ ಹೀಗೇ ಕಾಣುತ್ತದೆ, ಮೋಸ ಹೋಗಬೇಡಿ. ಮೇಲಿನ ಬಾಚಿಹಲ್ಲುಗಳ ಹಿಂದೆ ಬೆರಳಿನಿಂದ ಮುಟ್ಟಿ ನೋಡಿದರೆ ಕಡ್ಡಿಯಂಥ ಇನ್ನೆರಡು ಸಣ್ಣ ಹಲ್ಲು ಸಿಗುತ್ತವೆ (ಬುರುಡೆಯಲ್ಲಿ ಮಾತ್ರ, ಜೀವಂತ ಮೊಲದ ಬಾಯಿಗೆ ಬೆರಳು ಹಾಕಬೇಡಿ ಮಾರಾಯ್ರೇ). ಅದೊಂದು ಜೋಡಿ ಇದ್ದರೆ ಮೊಲದ ಗುಂಪು.

ಇನ್ನು ನಮ್ಮ ಸೊಂಡಿಲಿ. ಮೂತಿ ಉದ್ದ, ಕಣ್ಣು ಸಾಸಿವೆಯಷ್ಟು, ಮೈಯಿಂದ ಒಂಥರಾ ಗಬ್ಬು ವಾಸನೆ. ಬಾಯಲ್ಲಿ ಖಾಲಿ ಜಾಗವೇ ಇಲ್ಲ, ಸಾಲಾಗಿ ಚೂಪು ಚೂಪಾದ 30 ಹಲ್ಲು. ಜಿರಳೆ, ಹುಳ ತಿನ್ನುವ ಬಾಯಿ ಅದು. ಮರಿಗಳು ಒಂದರ ಹಿಂಬದಿ ಇನ್ನೊಂದು ಕಚ್ಚಿಕೊಂಡು ತಾಯಿಯ ಹಿಂದೆ ಸಾಲಾಗಿ ಹೋಗುವುದನ್ನು ನೋಡಿದ್ದೀರಾದರೆ ಅದು ಸೊಂಡಿಲಿಯದ್ದೇ. ಇಲಿ ಪಾಷಾಣ ಇಡುವ ಮೊದಲು ಸ್ವಲ್ಪ ಗಮನಿಸಿ, ಜಿರಳೆ ತಿಂದು ಉಪಕಾರ ಮಾಡುವವರನ್ನೇ ಕೊಲ್ಲುವುದು ಯಾಕೆ?

ನಾಯಿ, ಬೆಕ್ಕುಗಳಲ್ಲಿ ಕೋರೆಹಲ್ಲು ಎದ್ದು ಕಾಣುತ್ತದೆ, ಆದರೆ ಅದನ್ನೇ ಗುರುತು ಅಂದುಕೊಳ್ಳಬೇಡಿ. ಕೋರೆ ಹಂದಿಗೂ ಇದೆ, ಗಂಡು ಕೋತಿಗೂ ಇದೆ. ಕೆನ್ನೆಯ ಒಳಗೆ ನೋಡಿ. ಮೇಲಿನ ಕೊನೆಯ ಮುಂದವಡೆ ಹಲ್ಲು ಮತ್ತು ಕೆಳಗಿನ ಮೊದಲ ದವಡೆಹಲ್ಲು ಒಂದಕ್ಕೊಂದು ಉಜ್ಜಿ ಕತ್ತರಿಯ ಥರ ಮಾಂಸ ಕತ್ತರಿಸುತ್ತವೆ. ಮಾಂಸಾಹಾರಿ ಗಣದ ಮೊಹರು ಇದು. ನಾಯಿ ಮೂಳೆಯನ್ನು ಬಾಯಿಯ ಪಕ್ಕಕ್ಕೆ ತಳ್ಳಿಕೊಂಡು ಕಡಿಯುವುದು ನೋಡಿದ್ದೀರಲ್ವಾ, ಕೆನ್ನೆಯ ಗಟ್ಟಿ ಹಲ್ಲುಗಳೆಲ್ಲ ಅಲ್ಲಿರುವುದಕ್ಕೇ. ನಾಯಿಗೆ 42 ಹಲ್ಲು, ಬೆಕ್ಕಿಗೆ 30. ಹಲ್ಲು ಕಡಿಮೆಯಾದಷ್ಟೂ ಮೂತಿ ಗಿಡ್ಡ, ಕಚ್ಚುವ ಬಲ ಒಂದೇ ಕಡೆ ಬೀಳುತ್ತದೆ. ಇದೇ ಗಣದ ನಮ್ಮ ಕರಡಿಗೆ ಮಾತ್ರ ಮೇಲಿನ ನಡುವಿನ ಎರಡು ಬಾಚಿಹಲ್ಲು ಇಲ್ಲ. ಆ ಕಿಂಡಿಯಿಂದಲೇ ಅದು ಗೆದ್ದಲನ್ನು ಸರ್ ಅಂತ ಎಳೆದುಕೊಳ್ಳುತ್ತದೆ.

ಕೋತಿ, ಮುಸುವ, ಸಿಂಗಳೀಕಗಳದ್ದು ನಮ್ಮಂತೆಯೇ 32 ಹಲ್ಲು, ಅದೇ ಲೆಕ್ಕ, ಅದೇ ಸಾಲು.

ಪಾದ ಮತ್ತು ಹೆಜ್ಜೆ

ಕಾಡಿನಲ್ಲಿ ಪ್ರಾಣಿ ನಿಂತು ಬಾಯಿ ತೋರಿಸುವುದಿಲ್ಲ. ಕೆಸರಿನಲ್ಲಿ ಹೆಜ್ಜೆಯಂತೂ ಬಿಟ್ಟು ಹೋಗುತ್ತದೆ. ಮೊದಲು ಗೊರಸೋ ಬೆರಳೋ ನೋಡಿ. ಸೀಳು ಗೊರಸಾದರೆ ಅದು ನಮ್ಮ ಮೂರನೇ ಮತ್ತು ನಾಲ್ಕನೇ ಬೆರಳಿಗೆ ಸಮ: ದನ, ಜಿಂಕೆ, ಹಂದಿ. ಒಂದೇ ಗೊರಸಾದರೆ ಕುದುರೆ ಅಥವಾ ಕತ್ತೆ, ಅವು ಒಂದೇ ಮಧ್ಯದ ಬೆರಳಿನ ತುದಿಯಲ್ಲಿ ನಿಂತಿವೆ. ಘೇಂಡಾಮೃಗಕ್ಕೆ ಮೂರು ಬೆರಳು, ಅದೂ ಕುದುರೆಯ ಪಾಲಿನದೇ, ಹಸುವಿನ ಪಾಲಿನದಲ್ಲ.

ನಾಲ್ಕು ಬೆರಳಿನ ಗುರುತು, ಮುಂದೆ ಉಗುರಿನ ಚುಕ್ಕೆ ಇದ್ದರೆ ನಾಯಿ, ತೋಳ, ನರಿ, ಕೆನ್ನಾಯಿಗಳ ಕಡೆ ಹುಡುಕಿ. ಉಗುರಿನ ಗುರುತು ಇಲ್ಲದಿದ್ದರೆ ಬೆಕ್ಕಿನ ಕಡೆ: ಚಿರತೆ, ಹುಲಿ, ಕಾಡುಬೆಕ್ಕು. ನಡೆಯುವಾಗ ಇವು ಉಗುರು ಒಳಗೆಳೆದುಕೊಂಡಿರುತ್ತವೆ. ಕತ್ತೆಕಿರುಬ ಇಲ್ಲಿ ಕೈಕೊಡುತ್ತದೆ. ನೋಡಲು ನಾಯಿ, ಹೆಜ್ಜೆಯಲ್ಲೂ ನಾಯಿಯಂತೆ ಉಗುರು ಮೂಡುತ್ತದೆ, ಆದರೆ ವಂಶದಲ್ಲಿ ಅದು ಬೆಕ್ಕು, ಮುಂಗುಸಿ, ಪುನುಗು ಇರುವ ಕವಲಿನದು. ಮುಂಗಾಲಿನ ಹೆಜ್ಜೆ ಹಿಂಗಾಲಿನದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದಿದ್ದರೆ ಕಿರುಬದ ಅನುಮಾನ ಪಡಿ. ನೀರುನಾಯಿ, ಕರಡಿಗಳು ನಾಯಿಯ ಕವಲಿನವು, ಐದು ಬೆರಳು ಊರುತ್ತವೆ. ಕರಡಿಯ ಹಿಂಗಾಲಿನ ಹೆಜ್ಜೆ ಮನುಷ್ಯನ ಬರಿಗಾಲಿನ ಹಾಗೆ ಇರುತ್ತದೆ, ನಮ್ಮಂತೆ ಅದೂ ಹಿಮ್ಮಡಿ ಊರಿ ನಡೆಯುವುದರಿಂದ.

ಚಪ್ಪಟೆ ಉಗುರು, ಹಿಡಿಯುವ ಹೆಬ್ಬೆರಳು, ಮುಖದ ಮುಂದಕ್ಕೆ ಇರುವ ಎರಡು ಕಣ್ಣು ಅಂದರೆ ನಮ್ಮದೇ ಗಣ. ತುಮಕೂರು ಕಡೆಯ ಕಾಡುಪಾಪ ಕೂಡ ಇದರಲ್ಲೇ ಬರುತ್ತದೆ. ಅದರ ಹಿಂಗಾಲಿನ ಎರಡನೇ ಬೆರಳಿಗೆ ಮಾತ್ರ ಚೂಪು ಉಗುರು, ಮೈ ಬಾಚಿಕೊಳ್ಳಲು.

ಲೆಕ್ಕಕ್ಕೆ ಸಿಗದವರು

ಬಾವಲಿಯ ರೆಕ್ಕೆ ಅಂದರೆ ಕೈ. ನಾಲ್ಕು ಬೆರಳು ಉದ್ದಕ್ಕೆ ಬೆಳೆದು ನಡುವೆ ಚರ್ಮ ಹಬ್ಬಿದೆ, ಹೆಬ್ಬೆರಳು ಮಾತ್ರ ಮೇಲೆ ಕೊಕ್ಕೆಯಾಗಿ ಉಳಿದಿದೆ. ಕೋಲಾರದ ಹನುಮನಹಳ್ಳಿಯ ಗುಹೆಯಲ್ಲಿರುವ ಎಲೆಮೂಗಿನ ಬಾವಲಿ ಜಗತ್ತಿನಲ್ಲಿ ಇನ್ನೆಲ್ಲೂ ಸಿಕ್ಕಿಲ್ಲ. ಹಾರುವ ಅಳಿಲಿಗೆ ಇಂಥ ಬೆರಳಿಲ್ಲ, ಪಕ್ಕೆಯ ಚರ್ಮ ಹರಡಿ ತೇಲುತ್ತದೆ, ಹಲ್ಲು ನೋಡಿದರೆ ಥೇಟ್ ಅಳಿಲು.

ಚಿಪ್ಪುಹಂದಿಗೆ ಹಲ್ಲೇ ಇಲ್ಲ. ಉದ್ದ ನಾಲಿಗೆ, ಇರುವೆ ಗೆದ್ದಲ ಊಟ, ಉಗುರಿನದೇ ವಸ್ತುವಾದ ಕೆರಾಟಿನ್‌ನ ಚಿಪ್ಪು. ಬಹಳ ಕಾಲ ಇದನ್ನು ಅಮೆರಿಕದ ಹಲ್ಲಿಲ್ಲದ ಇರುವೆಬಾಕಗಳ ಜೊತೆ ಸೇರಿಸಿದ್ದರು. ಡಿಎನ್‌ಎ ನೋಡಿದ ಮೇಲೆ ಗೊತ್ತಾಗಿದ್ದು, ಇದರ ಹತ್ತಿರದ ನೆಂಟರು ನಾಯಿ, ಬೆಕ್ಕುಗಳ ಮಾಂಸಾಹಾರಿ ಗಣ. ಹಲ್ಲಿನ ವಿಧಾನ ಸೋಲುವ ಜಾಗ ಇದು, ಹಲ್ಲೇ ಇಲ್ಲದ ಕಡೆ ಏನು ನೋಡುತ್ತೀರಿ?

ಆನೆಯ ದಂತ ಕೋರೆಹಲ್ಲಲ್ಲ, ಮೇಲಿನ ಬಾಚಿಹಲ್ಲು. ಅರೆಯುವ ಹಲ್ಲುಗಳು ಹಿಂದಿನಿಂದ ಮುಂದಕ್ಕೆ ಜರುಗುತ್ತಾ, ಸವೆದದ್ದು ಬಿದ್ದು, ಜೀವಮಾನದಲ್ಲಿ ಆರು ಸಲ ಹೊಸದು ಬರುತ್ತದೆ. ಹೆಣ್ಣಾನೆಯ ಮೊಲೆ ಮುಂಗಾಲುಗಳ ನಡುವೆ ಇರುವುದನ್ನೂ ಗಮನಿಸಿ. ಹಸುವಿನಲ್ಲಿ ಹಿಂಗಾಲಿನ ನಡುವೆ, ನಾಯಿ ಹಂದಿಗಳಲ್ಲಿ ಹೊಟ್ಟೆಯುದ್ದಕ್ಕೂ ಎರಡು ಸಾಲು.

ಇನ್ನು ಕಾರವಾರದ ಕಡಲಲ್ಲಿ ಕಾಣುವ ಡಾಲ್ಫಿನ್. ಮೀನಿನ ಬಾಲ ಎಡಬಲಕ್ಕೆ ಆಡುತ್ತದೆ, ಡಾಲ್ಫಿನ್ ಬಾಲ ಮೇಲೆ ಕೆಳಗೆ. ಓಡುವ ಪ್ರಾಣಿಯ ಬೆನ್ನು ಬಾಗುವ ರೀತಿ ಅದು. ಜೀವಿಗಳನ್ನು ಗುಂಪು ಮಾಡಿ ಹೆಸರಿಡುವ ಪದ್ಧತಿ ಕಟ್ಟಿದ ಸ್ವತಃ ಲಿನೇಯಸ್, ಡಾಲ್ಫಿನ್ ಕೂಡ ಸೇರುವ ತಿಮಿಂಗಿಲಗಳ ಗುಂಪನ್ನು ಮೊದಲು ಮೀನುಗಳ ಪಟ್ಟಿಯಲ್ಲಿಟ್ಟಿದ್ದ, ತನ್ನ ಪುಸ್ತಕದ 1758ರ ಆವೃತ್ತಿಯಲ್ಲಿ ಸಸ್ತನಿಗಳಿಗೆ ತಂದ. ಈಗ ಅವು ಸೀಳು ಗೊರಸಿನ ಗಣಕ್ಕೇ ಸೇರುತ್ತವೆ, ಬದುಕಿರುವವುಗಳಲ್ಲಿ ಹತ್ತಿರದ ನೆಂಟ ನೀರಾನೆ. ಸುಮಾರು 4.8 ಕೋಟಿ ವರ್ಷ ಹಿಂದೆ ಕಾಶ್ಮೀರದ ಕಡೆ ಬದುಕಿದ್ದ, ಬರಿಂಕದಂಥ ಪುಟ್ಟ ಗೊರಸಿನ ಪ್ರಾಣಿ ಇಂಡೋಹಯಸ್‌ನ ಕಿವಿಮೂಳೆ ತಿಮಿಂಗಿಲದ್ದರಂತೆ ಇದೆ ಅಂತ 2007ರಲ್ಲಿ ಪ್ರಕಟವಾಯಿತು. ಹೊರಗೆ ಮೀನಿನ ಮೈ, ಒಳಗೆ ಗೊರಸಿನವರ ವಂಶ!

ಅಭ್ಯಾಸ ಎಲ್ಲಿ?

ಮನೆಯ ನಾಯಿ, ಕೊಟ್ಟಿಗೆಯ ಹಸು ಸಾಕು ಮೊದಲಿಗೆ. ಗುರುತಿಲ್ಲದ ಬೀದಿನಾಯಿಯ ಬಾಯಿಗೆ ಕೈ ಹಾಕಬೇಡಿ, ರೇಬಿಸ್ ಜೊಲ್ಲಿನಿಂದ ಬರುತ್ತದೆ. ಆಮೇಲೆ ಮೈಸೂರು ಮೃಗಾಲಯಕ್ಕೆ ಹೋಗಿ, ಒಂದೊಂದು ಬೋನಿನ ಮುಂದೆ ಹೆಸರಿನ ಫಲಕ ಓದುವ ಮೊದಲೇ ಪಾದ, ಕಣ್ಣು, ಮೊಲೆಯ ಜಾಗ ನೋಡಿ ಗುಂಪು ಊಹಿಸಿ. ನೀರಾನೆ ಆಕಳಿಸಿದರೆ ಅದೃಷ್ಟ, ಬಿಟ್ಟಿಯಾಗಿ ಹಲ್ಲು ನೋಡಬಹುದು. ಕಾರಂಜಿ ಕೆರೆ ಪಕ್ಕದ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯವನ್ನೂ ಅದೇ ದಿನ ನೋಡಿಕೊಂಡು ಬರಬಹುದು.

ಕಾಡಂಚಿನಲ್ಲಿ ಬುರುಡೆ, ಕೊಂಬು, ಮುಳ್ಳು ಸಿಕ್ಕರೆ ಅಲ್ಲೇ ಬಿಡಿ. ಪಕ್ಕದಲ್ಲಿ ಸ್ಕೇಲ್ ಅಥವಾ ಒಂದು ನಾಣ್ಯ ಇಟ್ಟು, ಮೇಲಿನಿಂದ, ಪಕ್ಕದಿಂದ, ಹಲ್ಲಿನ ಸಾಲು ಕಾಣುವ ಹಾಗೆ ಕೆಳಗಿನಿಂದ ಫೋಟೊ ತೆಗೆಯಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಪ್ರಾಣಿಯ ಭಾಗಗಳನ್ನು ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧ, ಬಿದ್ದು ಸಿಕ್ಕಿದ್ದು ಅಂದರೂ ಕೇಳುವುದಿಲ್ಲ. 2023ರಲ್ಲಿ ಹುಲಿಯುಗುರಿನ ಲಾಕೆಟ್ ವಿಚಾರಕ್ಕೆ ರಾಜ್ಯದಲ್ಲಿ ಎಷ್ಟು ಗದ್ದಲ ಆಯಿತು ನೆನಪಿದೆಯಲ್ಲ. ಸತ್ತ ಬಾವಲಿಯನ್ನಂತೂ ಬರಿಗೈಯಲ್ಲಿ ಮುಟ್ಟಲೇಬೇಡಿ.